ಸಿಗಡಿ ವಿಚಾರಣೆಯಲ್ಲಿ ಗುಮಾಸ್ತರ ನಾಲಿಗೆ

ಮೀನುಗಾರರ ಸಹಕಾರ ಸಂಘದ ಗುಮಾಸ್ತರು ಆ ಒಂದು ಮಾತು ಆಡದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೈಕು ಕೈಗೆ ಸಿಕ್ಕ ಮೇಲೂ ಸುಮ್ಮನಿರುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ. ಅದೂ ಮೈಕೇನು ಅವರಿಗೆ ಭಾಷಣಕ್ಕೆಂದು ಕೊಟ್ಟದ್ದಲ್ಲ. ಸಂಘದ ಅಧ್ಯಕ್ಷರಿಗೆ ಭಾಷಣದ ನಡುವೆ ಕೆಮ್ಮು ಹತ್ತಿತು. ನೀರು ಕುಡಿದು ಬರುವ ತನಕ ಹಿಡಿದುಕೊಂಡಿರಿ ಎಂದು ಕೊಟ್ಟಿದ್ದರು. ಒಂದು ಲೋಟ ನೀರು ಗಂಟಲಿಗೆ ಇಳಿಯುವಷ್ಟರಲ್ಲಿ ಗುಮಾಸ್ತರು ಇತಿಹಾಸ ನಿರ್ಮಿಸಿಬಿಟ್ಟರು.

"ನನ್ನ ಕಣ್ಣಿಗೆ ಬಟ್ಟೆ ಕಟ್ಟಿ," ಎಂದರು ಅವರು, ಮೈಕನ್ನು ತುಟಿಗೆ ಅಂಟಿಸಿಕೊಂಡು. "ಎದುರಿಗೆ ಹತ್ತು ಥರ ಸಿಗಡಿ ಇಡಿ. ನಮ್ಮ ಕಡಲಿಂದು ಯಾವುದು, ಹೊರದೇಶದ ಹೊಂಡದಲ್ಲಿ ಬೆಳೆಸಿದ್ದು ಯಾವುದು, ಬಾಯಿಗೆ ಹಾಕ್ಕೊಂಡ ತಕ್ಷಣ ಹೇಳ್ತೀನಿ. ಒಂದು ತಪ್ಪಾದ್ರೂ ನನ್ನ ಕೆಲಸಕ್ಕೆ ರಾಜೀನಾಮೆ."

ಸಭೆ ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು ಅರ್ಧ ಲೋಟ ನೀರು ಬಿಟ್ಟು ಓಡಿಬಂದರು. ಆದರೆ ಮಾತು ಆಗಲೇ ಬಾಯಿ ಬಿಟ್ಟು ಹೋಗಿತ್ತು, ಮುಂದಿನ ಸಾಲಿನಲ್ಲಿ ಕೂತಿದ್ದ ಪತ್ರಿಕೆಯವನು ಅದನ್ನು ಬರೆದುಕೊಂಡೂ ಆಗಿತ್ತು.

ಗುಮಾಸ್ತರ ಕೆಲಸವೆಂದರೆ ಐಸ್ ಚೀಟಿ ಬರೆಯುವುದು. ಬಂದರಿನ ಪಕ್ಕದ ಒಂದು ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದರು. ಸಮುದ್ರಕ್ಕೆ ಹೊರಟ ಬೋಟಿನವರು ಕಿಟಕಿಗೆ ಬಂದು ಚೀಟಿ ಪಡೆಯಬೇಕು. ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟು ಐಸ್ ಗಡ್ಡೆಯನ್ನು ಫ್ಯಾಕ್ಟರಿಯವರು ಕೊಡುತ್ತಿದ್ದರು. ಈ ಅವಧಿಯಲ್ಲಿ ಗುಮಾಸ್ತರು ಒಮ್ಮೆಯೂ ಬೋಟು ಹತ್ತಿದವರಲ್ಲ. ಕಟ್ಟಿಹಾಕಿದ ಬೋಟು ಅಲ್ಲಾಡುವುದನ್ನು ಕಂಡರೂ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಆದರೂ ಕಡಲಿನ ಬಗ್ಗೆ ಯಾರು ಏನು ಕೇಳಿದರೂ ಅವರ ಬಳಿ ಒಂದು ಅಭಿಪ್ರಾಯ ತಯಾರಿರುತ್ತಿತ್ತು, ಕೇಳದಿದ್ದರೂ ಇರುತ್ತಿತ್ತು.

ಕಳೆದ ಮೂರು ವರ್ಷಗಳಲ್ಲಿ ಊರಿನ ಅಂಗಡಿಗಳಿಗೆ ಹೊರದೇಶದ ಸಿಗಡಿ ನುಗ್ಗಿತ್ತು. ಸಿಪ್ಪೆ ಸುಲಿದು, ತೊಳೆದು, ಹೆಪ್ಪುಗಟ್ಟಿಸಿ, ಪ್ಯಾಕೆಟ್ಟಿನಲ್ಲಿ ಮುಚ್ಚಿ ಬರುತ್ತಿದ್ದ ಅದರ ಬೆಲೆ ಊರಿನ ಸಿಗಡಿಯ ಅರ್ಧ. ಹಿಡಿದು ತಂದ ಸಿಗಡಿ ಡೀಸೆಲ್ಲಿಗೂ ಸಾಲದಾದಾಗ ಬೋಟುಗಳು ಒಂದೊಂದಾಗಿ ದಡಕ್ಕೆ ಬಂದು ನಿಂತವು. ದಿನಕ್ಕೆ ಅರವತ್ತು ಬರೆಯುತ್ತಿದ್ದ ಚೀಟಿ ಒಂಬತ್ತಕ್ಕೆ ಇಳಿಯಿತು. ಗುಮಾಸ್ತರ ಹೆಂಡತಿಯ ತಮ್ಮ, ಅಂದರೆ ಅವರ ಭಾಮೈದನ ಬೋಟು ಎರಡು ತಿಂಗಳಿಂದ ಹಗ್ಗ ಬಿಚ್ಚಿರಲಿಲ್ಲ. ಹೊರದೇಶದ ಸಿಗಡಿಯ ಮೇಲೆ ಹೆಚ್ಚುವರಿ ಸುಂಕ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ಒಂದು ವಿಚಾರಣೆ ನಡೆಸುತ್ತಿತ್ತು. ವಿಚಾರಣಾಧಿಕಾರಿ ಒಂದು ದಿನದ ಮಟ್ಟಿಗೆ ಈ ಊರಿಗೂ ಬರುವವರಿದ್ದರು.

ಮರುದಿನ ಪತ್ರಿಕೆಯಲ್ಲಿ ಗುಮಾಸ್ತರ ಚಿತ್ರ ಬಂತು. ಬಾಯಿ ಪೂರ್ತಿ ತೆರೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಅದರ ಮುಂದಿನ ವಾರ ವಿಚಾರಣಾಧಿಕಾರಿಯಿಂದ ಕಾಗದ ಬಂತು. ಆಮದುದಾರರ ವಕೀಲರು ಪತ್ರಿಕೆ ಓದಿ ಕೋರಿಕೊಂಡಿದ್ದಾರೆ, ಆದ್ದರಿಂದ ತಾವು ಖುದ್ದಾಗಿ ಹಾಜರಾಗಿ ಸದರಿ ಪರೀಕ್ಷೆಗೆ ಒಳಪಡಬೇಕು ಎಂದು ಅದರಲ್ಲಿತ್ತು. ಕೋರಿದವರು ಎದುರಾಳಿಯ ವಕೀಲರು ಎಂಬುದು ಅಧ್ಯಕ್ಷರ ಕಣ್ಣಿಗೆ ಬಿತ್ತು, ಅವರ ಕೆಮ್ಮು ಜಾಸ್ತಿಯಾಯಿತು. ಗುಮಾಸ್ತರ ಕಣ್ಣಿಗೆ ಬಿದ್ದದ್ದು 'ತಾವು' ಮತ್ತು 'ಖುದ್ದಾಗಿ' ಎಂಬ ಎರಡು ಪದ ಮಾತ್ರ.

"ನನ್ನ ನಾಲಿಗೆ ಇನ್ನು ಮೇಲೆ ನನ್ನದಲ್ಲ," ಎಂದು ಅವರು ಮನೆಯಲ್ಲಿ ಘೋಷಿಸಿದರು. "ಸಂಘದ ಆಸ್ತಿ."

ಆಸ್ತಿಯ ಸಂರಕ್ಷಣೆ ಅಂದಿನಿಂದಲೇ ಶುರುವಾಯಿತು. ಖಾರ ಬಂದ್, ಕಾಫಿ ಬಂದ್. ಗಾಳಿ ತಾಗಬಾರದೆಂದು ಬಾಯಿಗೆ ಮಫ್ಲರ್ ಸುತ್ತಿಕೊಂಡು ಕಚೇರಿಗೆ ಹೋದರು. ಕಿಟಕಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಉತ್ತರವನ್ನು ಚೀಟಿಯಲ್ಲೇ ಬರೆದು ಕೊಡುತ್ತಿದ್ದರು. ಹೀಗಾಗಿ ಒಬ್ಬ ಬೋಟಿನವನು 'ಹೆಂಡತಿ ಮಕ್ಕಳು ಸೌಖ್ಯ' ಎಂದು ಬರೆದಿದ್ದ ಚೀಟಿ ಹಿಡಿದು ಐಸ್ ಫ್ಯಾಕ್ಟರಿಗೆ ಹೋಗಿ ಜಗಳವಾಡಿ ಬಂದ.

ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಗುಮಾಸ್ತರ ತರಬೇತಿಯನ್ನು ಅವರು ತಾವೇ ವಹಿಸಿಕೊಂಡರು. ಮೊದಲ ದಿನ ಮೂರು ಲೋಟ ನೀರು ತಂದಿಟ್ಟು, ಇದರಲ್ಲಿ ಬಾವಿಯದು ಯಾವುದು ಹೇಳಿ ನೋಡೋಣ ಎಂದರು. ಗುಮಾಸ್ತರು ಮಫ್ಲರ್ ಇಳಿಸಿ ಗುಟುಕರಿಸಿ, ಕಣ್ಣು ಮುಚ್ಚಿ ಯೋಚಿಸಿ, ನಡುವಿನದನ್ನು ತೋರಿಸಿದರು.

"ಮೂರೂ ನಲ್ಲಿ ನೀರೇ," ಎಂದರು ಪೋಸ್ಟ್ ಮಾಸ್ಟರು. ಗುಮಾಸ್ತರು ನಡುವಿನ ಲೋಟವನ್ನು ಮತ್ತೊಮ್ಮೆ ಮೂಸಿ ನೋಡಿದರು. ಆಮೇಲೆ ಪೋಸ್ಟ್ ಮಾಸ್ಟರೇ ಸಮಾಧಾನ ಹೇಳಿದರು. "ನೀರು ನಿಮ್ಮ ವಿಷಯ ಅಲ್ಲ ಬಿಡಿ. ಸಿಗಡಿ ನಿಮ್ಮ ವಿಷಯ."

"ಅದೇ ನಾನೂ ಹೇಳಬೇಕಂತಿದ್ದೆ," ಎಂದರು ಗುಮಾಸ್ತರು.

ಇಡೀ ಬೀದಿ ಹುರುಪಿನಲ್ಲಿದ್ದಾಗ ಒಬ್ಬರು ಮಾತ್ರ ಕಳೆಗುಂದಿದ್ದರು. ಅದು ಗುಮಾಸ್ತರ ಹೆಂಡತಿ. ಸಭೆಯಿಂದ ಬಂದ ದಿನದಿಂದಲೂ ಆಕೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ರೀ, ಇದೆಲ್ಲ ಬೇಡ. ನಾಲಿಗೆಗೆ ಹುಣ್ಣಾಗಿದೆ ಅಂತ ಬರೆದು ಕಳಿಸಿಬಿಡಿ," ಎಂದರು ಒಂದು ಬೆಳಿಗ್ಗೆ. ಇನ್ನೊಂದು ಬೆಳಿಗ್ಗೆ, "ಅಷ್ಟು ಜನರ ಎದುರಿಗೆ ಕಣ್ಣು ಕಟ್ಟಿಸ್ಕೊಂಡು ತಿನ್ನೋದು ಚೆನ್ನಾಗಿರಲ್ಲ," ಎಂದರು. ಮೂರನೆಯ ಬೆಳಿಗ್ಗೆ ಗುಮಾಸ್ತರ ತಟ್ಟೆಗೆ ಒಂದು ಹಿಡಿ ಕಾಳುಮೆಣಸು ಬಿತ್ತು, ಕೈತಪ್ಪಿ ಬಿತ್ತು ಎಂದರು.

ಗಂಡನಿಗೆ ಹೆಸರು ಬಂದಾಗ ಮನೆಯವರಿಗೆ ಅದನ್ನು ಅರಗಿಸಿಕೊಳ್ಳುವುದು ಸುಲಭವಲ್ಲ ಎಂದು ಗುಮಾಸ್ತರು ತಿಳಿದಿದ್ದರು. ಅವರು ದೊಡ್ಡ ಮನಸ್ಸು ಮಾಡಿ ಹೆಂಡತಿಯನ್ನು ಕ್ಷಮಿಸಿದರು.

ವಿಚಾರಣೆಗೆ ಎಂಟು ದಿನವಿದ್ದಾಗ ಭಾಮೈದ ಮಧ್ಯಾಹ್ನದ ಊಟಕ್ಕೆ ಬಂದ. ಎತ್ತರದ ಆಳು, ಮಾತು ಕಮ್ಮಿ. ಹಿಂದಿನ ರಾತ್ರಿ ಬೇರೆಯವರ ಬೋಟಿನಲ್ಲಿ ಕೂಲಿಗೆ ಹೋಗಿದ್ದ ಅವನ ಬೆರಳುಗಳ ಮೇಲೆ ಹೊಸ ಗೀರುಗಳಿದ್ದವು. ಅಂದು ಊಟಕ್ಕೆ ಹುರಿದ ಸಿಗಡಿ. ಗುಮಾಸ್ತರು ಒಂದನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದರು. ಮೂರನೆಯ ಸಲ ಅಗಿಯಲಿಲ್ಲ. ಅದನ್ನು ಅಂಗೈಗೆ ಉಗಿದುಕೊಂಡು ಬೆಳಕಿಗೆ ಹಿಡಿದರು.

"ಎಲ್ಲಿಂದ ತಂದೆ ಇದನ್ನ?"

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಯಾಕೆ ರೀ?"

"ನಮ್ಮ ಮನೆಗೇ ತಂದುಬಿಟ್ಟೆಯಲ್ಲ. ಇದು ಹೊರದೇಶದ ಸಿಗಡಿ."

ಭಾಮೈದ ತಟ್ಟೆಯಿಂದ ತಲೆ ಎತ್ತಿದ. "ಗ್ಯಾರಂಟಿನಾ ಭಾವ?"

"ನೂರಕ್ಕೆ ನೂರು. ನೋಡು, ಒಂದು ದೊಡ್ಡದು, ಒಂದು ಚಿಕ್ಕದು. ತಿಂದ್ರೆ ಗಟ್ಟಿ, ಆಮೇಲೆ ಏನೋ ಒಂದು ವಾಸನೆ. ನಮ್ಮ ಸಿಗಡಿ ಹೀಗಿರುತ್ತಾ? ಮೆತ್ತಗೆ ಇರುತ್ತೆ, ಸಪ್ಪೆ ಸಿಹಿ ಇರುತ್ತೆ, ಎಲ್ಲ ಒಂದೇ ಅಳತೆ ಇರುತ್ತೆ. ಕಣ್ಣು ಕಟ್ಟೋದೇ ಬೇಕಾಗಲಿಲ್ಲ."

ಭಾಮೈದ ತನ್ನ ಬೆರಳಿನ ಗೀರುಗಳನ್ನು ನೋಡಿಕೊಂಡ. ಆಮೇಲೆ ಅಕ್ಕನನ್ನು ನೋಡಿದ. ಅಕ್ಕ ಅಡುಗೆಮನೆಗೆ ಹೋದರು, ತಮ್ಮನೂ ನೀರು ಬೇಕು ಎಂದು ಹಿಂದೆಯೇ ಹೋದ. ನೀರಿನ ಹೂಜಿ ಊಟದ ಮೇಜಿನ ಮೇಲೆಯೇ ಇತ್ತು. ಒಳಗೆ ಬಹಳ ಹೊತ್ತು ಪಿಸುಪಿಸು ನಡೆಯಿತು. ಅದರಲ್ಲಿ ಗುಮಾಸ್ತರಿಗೆ ಕೇಳಿಸಿದ್ದು 'ಮೂರು ವರ್ಷದಿಂದ' ಎಂಬಷ್ಟು ಮಾತ್ರ. ಅಂಗಡಿಯವನು ಮೂರು ವರ್ಷದಿಂದ ಮೋಸ ಮಾಡುತ್ತಿದ್ದಾನೆ, ಪಾಪ ಇವಳಿಗೆ ಈಗ ಗೊತ್ತಾಯಿತು ಎಂದು ಅವರು ಅರ್ಥ ಮಾಡಿಕೊಂಡರು.

"ನಿನ್ನ ತಪ್ಪಲ್ಲ ಬಿಡು," ಎಂದು ಅವರು ಕೂತಲ್ಲಿಂದಲೇ ಕೂಗಿ ಹೇಳಿದರು. "ಎಲ್ಲರಿಗೂ ಎಲ್ಲಿಂದ ಬರಬೇಕು ಈ ನಾಲಿಗೆ."

ಮರುದಿನ ಭಾಮೈದ ಐಸ್ ಕಿಟಕಿಗೆ ಬಂದು ನಿಂತ. "ಭಾವ, ಒಂದು ವಿಷಯ ಹೇಳ್ಬೇಕಿತ್ತು."

ಗುಮಾಸ್ತರು ಮಫ್ಲರಿನ ಹಿಂದಿನಿಂದ ಕೈಯೆತ್ತಿ ತಡೆದರು. ವಿಚಾರಣೆ ಮುಗಿಯುವ ತನಕ ಸಿಗಡಿ ಬಗ್ಗೆ ಬೇರೆಯವರ ಅಭಿಪ್ರಾಯ ನನ್ನ ಕಿವಿಗೆ ಬೀಳಬಾರದು, ನಾಲಿಗೆ ಕೆಡುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ಭಾಮೈದ ಅದನ್ನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡ.

"ಸರಿ, ಅದು ಬಿಡಿ. ಇನ್ನೊಂದು ಹೇಳ್ತೀನಿ. ಬೋಟು ಕೇಳ್ಕೊಂಡು ಒಬ್ರು ಬಂದಿದ್ರು. ಸುಂಕ ಹಾಕಲ್ಲ ಅಂತಾದ್ರೆ ಕೊಟ್ಟುಬಿಡ್ತೀನಿ ಅಂದಿದ್ದೀನಿ. ಅಪ್ಪ ಓಡಿಸಿದ ಬೋಟು ಭಾವ. ಆದ್ರೂ ಎಷ್ಟು ದಿನ ಅಂತ ಕಟ್ಟಿಹಾಕಿ ನೋಡ್ತಾ ಕೂರೋದು?"

ಗುಮಾಸ್ತರಿಗೆ ಭಾಮೈದನ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ಅವರು ಮಫ್ಲರ್ ಬಿಚ್ಚಿ, ಎರಡು ವಾರದಲ್ಲಿ ಮೊದಲ ಬಾರಿಗೆ ಆ ಕಿಟಕಿಯಲ್ಲಿ ಬಾಯಿಬಿಟ್ಟು ಮಾತಾಡಿದರು. "ನಾನಿದ್ದೀನಲ್ಲ. ನೀನು ಆರಾಮಾಗಿ ನಿದ್ದೆ ಮಾಡು." ಭಾಮೈದ ಅಂದಿನಿಂದ ನಿದ್ದೆ ಮಾಡಲಿಲ್ಲ.

ವಿಚಾರಣೆ ಊರಿನ ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ನಡೆಯಿತು. ವಿಚಾರಣಾಧಿಕಾರಿ ನಲವತ್ತು ದಾಟಿದ ಹೆಂಗಸು. ಎದುರಿಗೆ ಚೂಪು ಮಾಡಿದ ಎರಡು ಪೆನ್ಸಿಲ್ ಇಟ್ಟುಕೊಂಡು ಕೂತಿದ್ದರು, ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಕುರ್ಚಿ ಸಾಲದೆ ಜನ ಕಿಟಕಿ ಹತ್ತಿ ಕೂತಿದ್ದರು. ಗುಮಾಸ್ತರು ಮುಂದಿನ ಸಾಲಿನಲ್ಲಿ, ಅವರ ಹೆಂಡತಿ ಕೊನೆಯ ಸಾಲಿನಲ್ಲಿ.

ಆಮದುದಾರರ ವಕೀಲರು ಮೊದಲು ಎದ್ದರು. ಅವರ ಕೋಟು, ಬೂಟು, ದನಿ ಮೂರೂ ಹೊಳೆಯುತ್ತಿದ್ದವು. ಅವರ ವಾದ ಚಿಕ್ಕದು. "ಮೇಡಂ, ನಮ್ಮ ಸಿಗಡಿಯಿಂದ ಇವರಿಗೆ ನಷ್ಟ ಅನ್ನೋದೇ ಸುಳ್ಳು. ಇವರ ಗಿರಾಕಿ ಬೇರೆ, ನಮ್ಮ ಗಿರಾಕಿ ಬೇರೆ. ನಮ್ಮದನ್ನ ಕೊಳ್ಳೋದು ದೊಡ್ಡ ಹೋಟೆಲಿನವರು. ಊರಿನ ಸಿಗಡಿ ತಿಂದು ರೂಢಿಯಾದ ಮನೆಯವರು ನಮ್ಮದನ್ನ ಮುಟ್ಟೋದೂ ಇಲ್ಲ. ಬಾಯಿಗೆ ಇಟ್ಟ ತಕ್ಷಣ ಗೊತ್ತಾಗುತ್ತೆ ಅಂತ ಇವರ ತಜ್ಞರೇ ಪತ್ರಿಕೆಯಲ್ಲಿ ಹೇಳಿದ್ದಾರೆ. ಅದಕ್ಕೇ ಅವರನ್ನ ಕರೆಸಿದ್ದು. ಪರೀಕ್ಷೆ ಮಾಡಿ ನೋಡಿ."

ಅಂದರೆ ಗುಮಾಸ್ತರು ಗೆದ್ದರೂ ವಕೀಲರು ಗೆದ್ದಂತೆ. ಇದು ಅಧ್ಯಕ್ಷರಿಗೆ ಅರ್ಥವಾಗಿ ಅವರು ಕೆಮ್ಮತೊಡಗಿದರು. ಗುಮಾಸ್ತರಿಗೆ 'ತಜ್ಞರು' ಎಂಬ ಮಾತು ಕೇಳಿಸಿದ್ದರಿಂದ ಮಿಕ್ಕಿದ್ದು ಕೇಳಿಸಲಿಲ್ಲ. ಅವರು ಎದ್ದು, ಸಭೆಗೆ ಕೈಮುಗಿದು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡರು.

ಆರು ಬಟ್ಟಲು ಬಂದವು. ಎಲ್ಲದರಲ್ಲೂ ಸುಲಿದು, ಬರೀ ಉಪ್ಪು ಹಾಕಿ ಬೇಯಿಸಿದ ಸಿಗಡಿ. ಮೂರು ಊರಿನದು, ಮೂರು ಹೊರಗಿನದು. ಯಾವುದು ಯಾವುದೆಂದು ಬರೆದ ಲಕೋಟೆ ಅಧಿಕಾರಿಯ ಕೈಯಲ್ಲಿತ್ತು.

ಗುಮಾಸ್ತರು ಅವಸರ ಮಾಡಲಿಲ್ಲ. ಪ್ರತಿಯೊಂದನ್ನೂ ಎಡದವಡೆಗೆ ಕಳಿಸಿ, ಬಲದವಡೆಗೆ ಕರೆಸಿ, ತಲೆದೂಗಿ, ಆಮೇಲೆ ತೀರ್ಪು ಕೊಟ್ಟರು. "ಇದು ಹೊರದೇಶದ್ದು. ತೆಗೀರಿ ಆಚೆ." "ಆಹಾ, ಇದು ನಮ್ಮದು. ನಮ್ಮ ತಾಯಿ ಕಡಲು." "ಇದೂ ನಮ್ಮದೇ, ಇನ್ನೊಂದೆರಡು ಇದ್ರೆ ಕೊಡಿ." ಹೀಗೆ ಆರೂ ಮುಗಿದವು. ಎಲ್ಲೂ ತಡವರಿಸಲಿಲ್ಲ. ಕಣ್ಣಿನ ಬಟ್ಟೆಯನ್ನು ತಾವೇ ಬಿಚ್ಚಿ, ಚಪ್ಪಾಳೆಗೆ ಜಾಗ ಬಿಟ್ಟು ನಿಂತರು.

ಅಧಿಕಾರಿ ಲಕೋಟೆ ಒಡೆದು ಓದಿದರು. ಮತ್ತೊಮ್ಮೆ ಓದಿದರು. "ಆರಕ್ಕೆ ಆರೂ ತಪ್ಪು," ಎಂದರು.

ಅಧ್ಯಕ್ಷರ ಕೆಮ್ಮು ನಿಂತಿತು. ಭಾಮೈದ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

"ಪಟ್ಟಿಯಲ್ಲಿ ತಪ್ಪಾಗಿರಬೇಕು," ಎಂದರು ಗುಮಾಸ್ತರು, ಅಧಿಕಾರಿಗೆ ಬೇಸರವಾಗದಂತೆ ಮೆಲ್ಲಗೆ. "ಮನುಷ್ಯರ ಕೈ. ಆಗುತ್ತೆ."

"ಪಟ್ಟಿ ನಾನೇ ಬರೆದಿದ್ದು. ಬಟ್ಟಲು ತುಂಬಿದ್ದೂ ನಾನೇ."

ವಕೀಲರು ಹೊಳೆಯುತ್ತಾ ಎದ್ದರು. "ಮೇಡಂ, ಇವರ ತಜ್ಞರೇ ನಮ್ಮ ಸಿಗಡಿಯನ್ನ ಹೊಗಳಿದ್ದಾರೆ, ಇನ್ನೆರಡು ಕೊಡಿ ಅಂತ ಕೇಳಿದ್ದಾರೆ. ಇನ್ನು ನಾನು ಹೇಳೋದೇನೂ ಇಲ್ಲ."

"ನನಗೆ ಕೇಳೋದಿದೆ," ಎಂದರು ಅಧಿಕಾರಿ. "ಏನೂ ಗೊತ್ತಿಲ್ಲದವರು ಬಾಯಿಗೆ ಬಂದದ್ದು ಹೇಳಿದ್ರೂ ಒಂದೆರಡು ಸರಿಯಾಗುತ್ತೆ. ಆರಕ್ಕೆ ಆರು ತಿರುಗಾಮುರುಗಾ ಆಗಬೇಕಂದ್ರೆ ಇವರಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕು. ಯಾವುದು ಯಾರದ್ದು ಅನ್ನೋದು ಮಾತ್ರ ಉಲ್ಟಾ. ಇದು ಹೇಗಾಯ್ತು?"

ಗುಮಾಸ್ತರು ಖಾಲಿ ಬಟ್ಟಲುಗಳ ಕಡೆ ನೋಡಿದರು. ಉತ್ತರ ಕೊನೆಯ ಸಾಲಿನಿಂದ ಬಂತು.

"ನನ್ನಿಂದ ಆಯ್ತು," ಎಂದು ಅವರ ಹೆಂಡತಿ ಎದ್ದರು. ಮುಖ ಬಿಳಿಚಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನಾನು ಮಾಡೋದು ಹೊರದೇಶದ ಸಿಗಡಿನೇ. ಇವರಿಗೆ ಗೊತ್ತಿಲ್ಲ. ಇದೇ ನಮ್ಮ ಕಡಲಿನ ರುಚಿ ಅಂತ ತಿಂತಾ ಬಂದ್ರು, ನಾನೂ ಸುಮ್ಮನಿದ್ದೆ."

"ಯಾಕೆ ಕೊಂಡ್ರಿ?"

"ಬೆಲೆ ಅರ್ಧ. ಮತ್ತೆ ಸುಲಿದು ಬರುತ್ತೆ. ಊರಿನದನ್ನ ಸುಲಿದು ತೊಳೆಯೋಕೆ ಒಂದೂವರೆ ಗಂಟೆ ಬೇಕು, ಕೈಯೆಲ್ಲ ಗೀರು."

"ಖಾಲಿ ಪ್ಯಾಕೆಟ್ಟು ಇವರ ಕಣ್ಣಿಗೆ ಬೀಳಲಿಲ್ಲವಾ?"

ಹೆಂಡತಿ ಕಿಟಕಿಯ ಕಡೆ ಒಮ್ಮೆ ನೋಡಿದರು. "ಪಕ್ಕದ ಮನೆ ಪೋಸ್ಟ್ ಮಾಸ್ಟರ ಕಸದ ಡಬ್ಬಿಗೆ ಹಾಕ್ತಿದ್ದೆ."

"ಅಯ್ಯೋ, ಪ್ಯಾಕೆಟ್ಟು ತರೋದು ನನ್ನ ಸೊಸೆ ಅಂತ ಅವಳ ಜೊತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದೀನಲ್ಲ," ಎಂದರು ಕಿಟಕಿಯ ಮೇಲಿದ್ದ ಪೋಸ್ಟ್ ಮಾಸ್ಟರು.

ವಕೀಲರು ಮುಂದೆ ಬಂದರು. ಗೆಲುವು ಕೈಗೆ ಬಂದಾಗ ಅದನ್ನು ಇನ್ನೊಮ್ಮೆ ತಟ್ಟಿ ನೋಡುವ ಅಭ್ಯಾಸ ಅವರಿಗಿತ್ತು. "ಅಂದ್ರೆ ನಮ್ಮ ಸಿಗಡಿ ಚೆನ್ನಾಗಿದೆ ಅಂತ ನೀವು ಒಪ್ತೀರಿ."

"ಚೆನ್ನಾಗಿದೆ. ಅಗ್ಗನೂ ಹೌದು. ತೊಂದರೆ ಇರೋದೇ ಅಲ್ಲಿ," ಎಂದರು ಆಕೆ. "ನೀವು ಆಗಲೇ ಹೇಳಿದ್ರಲ್ಲ, ಇವರ ಗಿರಾಕಿ ಬೇರೆ, ನಮ್ಮ ಗಿರಾಕಿ ಬೇರೆ ಅಂತ. ನಿಮ್ಮ ಗಿರಾಕಿ ಯಾರು ಅಂದ್ಕೊಂಡ್ರಿ? ನಾನೇ. ನನ್ನ ಗಂಡ ಬೋಟಿಗೆ ಐಸ್ ಚೀಟಿ ಬರೆಯೋರು. ಅಗೋ ತಲೆ ಹಿಡ್ಕೊಂಡು ಕೂತಿದ್ದಾನಲ್ಲ, ಅವನು ನನ್ನ ತಮ್ಮ, ಬೋಟು ಮಾರೋಕೆ ಹೊರಟಿದ್ದಾನೆ. ಅವನು ಹಿಡಿದು ತಂದಿದ್ದನ್ನ ಬಿಟ್ಟು ನಾನು ನಿಮ್ಮದನ್ನ ಕೊಂಡೆ. ನಮ್ಮ ಮನೆ ಒಳಗೇ ನುಗ್ಗಿದೆ ಅಂದ ಮೇಲೆ ಯಾರ ಮನೆಗೆ ನುಗ್ಗಿಲ್ಲ ಹೇಳಿ."

ಆಕೆ ತಮ್ಮನ ಕಡೆ ನೋಡಲಾರದೆ ಸೆರಗಿನಿಂದ ಮುಖ ಒರೆಸಿಕೊಂಡರು.

ಅಧಿಕಾರಿ ಪೆನ್ಸಿಲ್ ಕೈಗೆತ್ತಿಕೊಂಡರು. "ಈ ಸಭೆಯಲ್ಲಿ ಪ್ಯಾಕೆಟ್ ಸಿಗಡಿ ಕೊಳ್ಳೋರು ಇನ್ನೂ ಯಾರಾದ್ರೂ ಇದ್ದೀರಾ? ಇದ್ರೆ ಕೈ ಎತ್ತಿ."

ಯಾರೂ ಎತ್ತಲಿಲ್ಲ. ಆಮೇಲೆ ಬಲೆ ಹೆಣೆಯುವ ಮುದುಕಿಯೊಬ್ಬಳು ಎತ್ತಿದಳು. ಅದನ್ನು ನೋಡಿ ಬೋಟಿನವರ ಹೆಂಡತಿಯರು ಒಬ್ಬೊಬ್ಬರಾಗಿ ಎತ್ತಿದರು, ಅವರ ಗಂಡಂದಿರು ಬಾಯಿ ಬಿಟ್ಟುಕೊಂಡು ನೋಡಿದರು. ಐಸ್ ಫ್ಯಾಕ್ಟರಿಯ ಮ್ಯಾನೇಜರು ಎತ್ತಿದರು. ಪೋಸ್ಟ್ ಮಾಸ್ಟರ ಸೊಸೆಯೂ ಎತ್ತಿದಳು, ಪೋಸ್ಟ್ ಮಾಸ್ಟರು ಗೆದ್ದವರಂತೆ ಸುತ್ತಲೂ ನೋಡಿದರು. ಎಲ್ಲರಿಗಿಂತ ಕೊನೆಗೆ, ಕೆಮ್ಮುವ ನೆಪದಲ್ಲಿ, ಅಧ್ಯಕ್ಷರ ಕೈ ಕಿವಿಯ ಮಟ್ಟದವರೆಗೆ ಏರಿತು.

"ಇದನ್ನೆಲ್ಲ ದಾಖಲು ಮಾಡೋ ಅಗತ್ಯ ಇಲ್ಲ ಅನ್ಸುತ್ತೆ ಮೇಡಂ," ಎಂದರು ವಕೀಲರು. ದನಿಯ ಹೊಳಪು ಕಮ್ಮಿಯಾಗಿತ್ತು.

"ಮಾಡಾಯ್ತು," ಎಂದರು ಅಧಿಕಾರಿ.

ಮನೆಗೆ ಬರುವ ದಾರಿಯಲ್ಲಿ ಗುಮಾಸ್ತರು ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಅವಮಾನ ಆಗಿತ್ತು, ಅದಕ್ಕಿಂತ ಹೆಚ್ಚಾಗಿ, ಇನ್ನೆರಡು ಕೊಡಿ ಎಂದು ಕೇಳಿದ್ದು ನೆನಪಾಗಿ ಬೆವರುತ್ತಿದ್ದರು. ಕೊನೆಗೆ ಕೇಳಿದರು. "ಮೂರು ವರ್ಷ ನನಗೆ ಒಂದು ಮಾತು ಹೇಳಲಿಲ್ಲವಲ್ಲೇ."

"ನೀವು ಕೇಳಿದ್ರಾ?" ಎಂದರು ಹೆಂಡತಿ. "ತಟ್ಟೆಗೆ ಬಂದ ಸಿಗಡಿನ ಯಾರು ಸುಲಿದ್ರು, ಎಷ್ಟು ಹೊತ್ತಾಯ್ತು ಅಂತ ಒಂದು ದಿನ ಕೇಳಿದ್ರಾ?"

ಗುಮಾಸ್ತರು ನೆನಪು ಮಾಡಿಕೊಂಡು ನೋಡಿದರು. ಕೇಳಿರಲಿಲ್ಲ. ರಾಜೀನಾಮೆ ಬರೆದು ಅಧ್ಯಕ್ಷರ ಮನೆಗೆ ಹೋದರು. ಕೈ ಎತ್ತಿದವರೆಲ್ಲ ರಾಜೀನಾಮೆ ಕೊಡುವುದಾದರೆ ಸಂಘಕ್ಕೆ ಬೀಗ ಹಾಕಬೇಕಾಗುತ್ತದೆ, ಸುಮ್ಮನೆ ಹೋಗಿ ಎಂದು ಅಧ್ಯಕ್ಷರು ಅದನ್ನು ಹರಿದುಹಾಕಿದರು.

ಐವತ್ತು ದಿನಕ್ಕೆ ಆದೇಶ ಬಂತು. ಹೊರದೇಶದ ಸಿಗಡಿಯ ಮೇಲೆ ಎರಡು ವರ್ಷದ ಅವಧಿಗೆ ಹೆಚ್ಚುವರಿ ಸುಂಕ. ಅದರ ಹದಿನಾಲ್ಕನೆಯ ಪುಟದಲ್ಲಿ, ದೇಶೀಯ ಉದ್ಯಮಕ್ಕೆ ಆಗಿರುವ ಹಾನಿ ಎಷ್ಟು ಆಳವಾದದ್ದೆಂದರೆ ಸಂಘದ ಗುಮಾಸ್ತರ ಅಡುಗೆಮನೆಯೇ ಅದಕ್ಕೆ ಸಾಕ್ಷಿ ಎಂದು ಬರೆದಿತ್ತು. ಗುಮಾಸ್ತರು ಆ ಪುಟಕ್ಕೆ ಕಟ್ಟು ಹಾಕಿಸಿ ಐಸ್ ಕಿಟಕಿಯ ಮೇಲೆ ತೂಗುಹಾಕಿದರು. ಕೇಳಿದವರಿಗೆಲ್ಲ, "ಒಂದೇ ಒಂದು ಸರಿ ಹೇಳಿದ್ರೂ ಕೇಸು ಬಿದ್ದುಹೋಗ್ತಿತ್ತು. ಆರಕ್ಕೆ ಆರು ತಪ್ಪು ಹೇಳೋದು ಎಲ್ಲರ ಕೈಯಲ್ಲಿ ಆಗೋ ಕೆಲಸ ಅಲ್ಲ," ಎಂದು ವಿವರಿಸಿದರು. ಪೋಸ್ಟ್ ಮಾಸ್ಟರು ಹೌದು ಹೌದು ಎಂದರು.

ಬೋಟು ಕೇಳಿಕೊಂಡು ಬಂದಿದ್ದವರು ಬರಿಗೈಯಲ್ಲಿ ಹೋದರು. ಭಾಮೈದ ಹಗ್ಗ ಬಿಚ್ಚಿದ ದಿನ ಗುಮಾಸ್ತರು ಐವತ್ತೊಂದು ಚೀಟಿ ಬರೆದರು. ಮೊದಲನೆಯದು ಅವನದೇ. ಅದನ್ನು ಎರಡೆರಡು ಸಲ ಓದಿ ನೋಡಿ ಅವನ ಕೈಗೆ ಕೊಟ್ಟರು.

ಎರಡು ದಿನ ಬಿಟ್ಟು ಭಾಮೈದ ಒಂದು ಬುಟ್ಟಿ ಸಿಗಡಿ ತಂದು ಅಕ್ಕನ ಮನೆಯ ಜಗಲಿಯಲ್ಲಿಟ್ಟ. ತಲೆ, ಮೀಸೆ, ಮುಳ್ಳು, ಸಿಪ್ಪೆ ಎಲ್ಲ ಸಮೇತ, ಒಂದೊಂದು ಒಂದೊಂದು ಅಳತೆ. ಗುಮಾಸ್ತರು ಬುಟ್ಟಿಯ ಎದುರು ನಿಂತು, ಇದು ಬರೀ ಸಿಗಡಿಯಲ್ಲ, ಸ್ವಾಭಿಮಾನ ಎಂದು ಮಾತು ಆರಂಭಿಸಿದರು. ಹೆಂಡತಿ ಒಳಗಿನಿಂದ ಒಂದು ಮಣೆ, ಒಂದು ಸಣ್ಣ ಚಾಕು, ಒಂದು ಪಾತ್ರೆ ತಂದು ಅವರ ಕಾಲ ಬಳಿ ಇಟ್ಟು, ತಾವು ಕುರ್ಚಿಯಲ್ಲಿ ಕೂತು ಪತ್ರಿಕೆ ಬಿಡಿಸಿದರು.

"ಏನಿದು?" ಎಂದರು ಗುಮಾಸ್ತರು.

"ಸುಂಕ ಹಾಕಿಸಿದ್ರಲ್ಲ. ಇನ್ನು ಪ್ಯಾಕೆಟ್ಟು ತರೋ ಹಾಗಿಲ್ಲ. ಕೂತ್ಕೊಳ್ಳಿ."

ಗುಮಾಸ್ತರು ಭಾಮೈದನ ಮುಖ ನೋಡಿದರು. ಭಾಮೈದ ಆಕಾಶ ನೋಡಿದ. ಗುಮಾಸ್ತರು ಮಣೆಯ ಮೇಲೆ ಕೂತರು. ಮೊದಲನೆಯ ಸಿಗಡಿ ಅವರ ಹೆಬ್ಬೆರಳಿಗೆ ಚುಚ್ಚಿತು, ಎರಡನೆಯದು ತೋರುಬೆರಳಿಗೆ. ಹತ್ತನೆಯದಕ್ಕೆ ಹೆಂಡತಿ ಪತ್ರಿಕೆಯ ಹಿಂದಿನಿಂದ, ಬೆನ್ನಿನ ಕಪ್ಪು ನರ ಹಾಗೇ ಇದೆ, ಅದನ್ನೂ ತೆಗೆಯಬೇಕು ಎಂದರು. ಅರ್ಧ ಗಂಟೆಯಾದರೂ ಬುಟ್ಟಿ ಇಳಿದಂತೆ ಕಾಣಲಿಲ್ಲ. ಬೆನ್ನು ಹಿಡಿದುಕೊಂಡಿತು, ಕಾಲು ಜೋಮು ಹಿಡಿಯಿತು.

"ಇದು ಇನ್ನೂ ಎಷ್ಟು ಹೊತ್ತು ಅಂತೀಯ?" ಎಂದು ಅವರು ಕೇಳಿದರು.

ಹೆಂಡತಿ ಪತ್ರಿಕೆಯ ಪುಟ ತಿರುಗಿಸಿದರು. "ಆದೇಶದಲ್ಲಿ ಎರಡು ವರ್ಷ ಅಂತ ಇದೆ."

ಗುಮಾಸ್ತರು ಬೆರಳು ಚೀಪಿಕೊಂಡು, ಬುಟ್ಟಿಯಿಂದ ಮತ್ತೊಂದು ಸಿಗಡಿ ಎತ್ತಿಕೊಂಡರು.